ನಿಮ್ಮ ಗದ್ದೆಯ ಹಸಿರಿನ ಬಗ್ಗೆ

ಕೊಡಗಿನ ನಾಪೋಕ್ಲು ಕಡೆಯ ನಾಟಿ ಗದ್ದೆಯ ಚಿತ್ರ ಬರೆದರೆ ಹಸಿರು ಪ್ಲಾಸ್ಟಿಕ್ ಹಾಳೆ ಥರ ಕಾಣುತ್ತದೆ, ಯಾಕೆ ಅಂತ ಕೇಳಿದ್ದೀರಿ. ಬಣ್ಣದ ಟ್ಯೂಬಿನ ಹಸಿರನ್ನು ಹಾಗೇ ಬಳಿದಿದ್ದೀರಿ, ಅಲ್ವಾ? ನಾನೂ ಎರಡು ಮಳೆಗಾಲ ಅದೇ ತಪ್ಪು ಮಾಡಿದೆ.

ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್ಸ್‌ಟೇಬಲ್ 1821ರಲ್ಲಿ ಬರೆದ ‘ದಿ ಹೇ ವೇನ್’ (ಹುಲ್ಲಿನ ಗಾಡಿ) ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ. ಮೂಲ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 185 ಸೆಂ.ಮೀ. ಅಗಲ, ನಮ್ಮ ಮಂಚದಷ್ಟು. ಅವನ ಹುಲ್ಲುಗಾವಲು ಒಂದೇ ಹಸಿರಲ್ಲ, ಬೇರೆ ಬೇರೆ ಹಸಿರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದಾನೆ. ಫ್ರಾನ್ಸಿನ ಚಿತ್ರಕಾರ ಡೆಲಕ್ರ್ವಾ ಕೂಡ ಇದನ್ನೇ ಗುರುತಿಸಿ ದಿನಚರಿಯಲ್ಲಿ ಬರೆದಿಟ್ಟಿದ್ದ. ಜೊತೆಗೆ ಗಾಡಿಯ ಕುದುರೆಗಳ ಸಜ್ಜಿನ ಮೇಲೆ ಒಂಚೂರು ಕೆಂಪು. ಅಷ್ಟೇ ಸಾಕು, ಸುತ್ತಲಿನ ಹಸಿರೆಲ್ಲ ಎದ್ದು ಕೂರುತ್ತದೆ.

ನಮ್ಮಲ್ಲಿ ಆ ಕೆಂಪಿಗೆ ನಾಟಿ ಮಾಡುವವರ ಸೀರೆ, ಇಲ್ಲ ಹೆಂಚಿನ ಮಾಡು ಇದೆಯಲ್ಲ! ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ ನಿಮ್ಮದೇ ಹಸಿರು ಮಾಡಿಕೊಳ್ಳಿ, ಜಾಸ್ತಿ ಕಣ್ಣಿಗೆ ಹೊಡೆದರೆ ಬರ್ನ್ಟ್ ಸಿಯೆನ್ನಾ (ಕೆಂಗಂದು) ಒಂದು ತೊಟ್ಟು. ಹಿಂದಿನ ಬೆಟ್ಟಕ್ಕೆ ಹಸಿರೇ ಬೇಡ, ಮಂಜಿನಲ್ಲಿ ಅದು ನೀಲಿ ಬೂದು. ಇನ್ನೊಂದು, ಹೊಸ ನಾಟಿಯಲ್ಲಿ ಅರ್ಧ ಗದ್ದೆ ಆಕಾಶವೇ ಇರುತ್ತದೆ. ನೀರಿಗೆ ಮೋಡದ ಬಣ್ಣ ಮೊದಲು ಬಳಿದು, ಅದು ಒಣಗಿದ ಮೇಲೆ ಪೈರು ಇಡಿ.