ಅಮಾವಾಸ್ಯೆ ದಾಟಲಿ ಬಿಡು

ಪ್ರಶ್ನೆ: ಅಕ್ಕಾ, ನಾನು ಇಂಡಿ ತಾಲ್ಲೂಕಿನವಳು. ಒಬ್ಬರ ಪ್ರವಚನಕ್ಕೆ ಮನಸ್ಸು ಸೋತಿದೆ. ಅಮಾವಾಸ್ಯೆಯೊಳಗೇ ದೀಕ್ಷೆ ತಗೋ, ಕಾಣಿಕೆ 5,000 ರೂಪಾಯಿ ಅಂತಾರೆ ಅವರ ಶಿಷ್ಯರು. ಏನು ಮಾಡಲಿ?

ಉತ್ತರ: ತಂಗಿ, ಎಮ್ಮೆ ಕೊಳ್ಳುವಾಗಲೂ ನಾವು ಎರಡು ಹೊತ್ತು ಹಿಂಡಿ ನೋಡುತ್ತೇವೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೆ ವಿನಯದಿಂದ ಬೇಡವೆಂದರು. ಸ್ಮಾರಕವೂ ಬೇಡವೆಂದು ಬರೆದಿಟ್ಟು ಹೋದರು. ಎಲ್ಲರೂ ಹಾಗಿರಲಿ ಅನ್ನುವುದು ಅತಿಯಾಸೆ, ಗೊತ್ತು. ಆದರೂ ವೇದಿಕೆ ಮುಂದೆ ಕೂತಿದ್ದು ಸಾಕು, ಒಂದು ದಿನ ದಾಸೋಹದ ಹಿತ್ತಲಲ್ಲಿ ಪಾತ್ರೆ ತಿಕ್ಕುವವರ ಹತ್ತಿರ ಕೂತು ನೋಡು. ಆ ಪ್ರವಚನದವರು ಅವರನ್ನು ಹೇಗೆ ಮಾತಾಡಿಸುತ್ತಾರೆ? ನಾನು ಹಾಗೆ ಕೂತೇ ಒಂದು ಕಡೆಯಿಂದ ಎದ್ದು ಬಂದವಳು. ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರೋ, ಅದನ್ನೂ ನೋಡು. 5,000 ಸದ್ಯ ಟ್ರಂಕಿನಲ್ಲೇ ಇರಲಿ.