ಖಾಲಿ ಕ್ಯಾನಿನ ಲೆಕ್ಕ: ಜಾಹೀರಾತು ಬಿಟ್ಟು ಸಾಫ್ಟ್‌ವೇರ್‌ಗೆ ಹೊರಟವರ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು, ಮೊತ್ತಗಳನ್ನು ಬದಲಿಸಲಾಗಿದೆ.)

ವಯಸ್ಸು 36, ಬಯಲುಸೀಮೆಯ ಜಿಲ್ಲಾ ಕೇಂದ್ರ. ಸರ್ಕಾರಿ ಯೋಜನೆ, ನೇಮಕಾತಿ, ಫಲಿತಾಂಶ ಅಂತ ದಿನಕ್ಕೆ ನಾಲ್ಕೈದು ಪುಟ ಬರೆಯುತ್ತಿದ್ದ ಕನ್ನಡ ಬ್ಲಾಗರ್. ಒಂದು ಕಾಲಕ್ಕೆ ಆಡ್‌ಸೆನ್ಸ್‌ನಿಂದ (ಬ್ಲಾಗಿನಲ್ಲಿ ಗೂಗಲ್ ಹಾಕುವ ಜಾಹೀರಾತು) ತಿಂಗಳಿಗೆ 70,000 ರೂಪಾಯಿ ಬರುತ್ತಿತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ರಾಶಿಗಟ್ಟಲೆ ತಯಾರಾದ ಪುಟಗಳ ಮೇಲೆ ನಿಯಮ ಬಿಗಿ ಮಾಡಿದ ಮೇಲೆ ಇಳಿಯತೊಡಗಿ ಈಗ 24,000ಕ್ಕೆ ನಿಂತಿದೆ. ರಾತ್ರಿ ಎರಡು ಗಂಟೆಗೂ ಎದ್ದು ಗಳಿಕೆ ನೋಡುತ್ತಾರೆ. ಬ್ಲಾಗನ್ನು ಮುಚ್ಚಿ, ನೀರಿನ ಕ್ಯಾನ್ ಅಂಗಡಿಗಳಿಗೆ ಆಪ್ ಮಾಡುವ ಯೋಚನೆ. ವೆಬ್‌ಸೈಟ್ ಕಟ್ಟುವ ಪಿಎಚ್‌ಪಿ ಭಾಷೆ ಚೆನ್ನಾಗಿ ಬರುತ್ತದೆ. ಇದಕ್ಕೆ ಸಲಹೆ ಕೇಳಿ ನಮ್ಮಲ್ಲಿಗೆ ಬಂದರು.

ಎರಡನೇ ಭೇಟಿಗೆ ಪತ್ನಿಯನ್ನೂ ಕರೆಸಿದೆವು. "ಇವರ ಡಾಲರ್ ಲೆಕ್ಕ ನಂಗೆ ಗೊತ್ತಾಗಲ್ಲ ಸರ್. ಮೂರು ತಿಂಗಳಿಂದ ಚೀಟಿ ಕಟ್ಟೋಕೆ ನನ್ನ ಹತ್ರಾನೇ ಕೇಳ್ತಿದಾರೆ, ಅದ್ರಿಂದ ತಿಳ್ಕೊಂಡೆ," ಎಂದರು. ಅಂದೇ ಲೆಕ್ಕ ಹಾಳೆಯ ಮೇಲೆ ಬಂತು. ಕಂತು ಸೇರಿ ಮನೆ ಖರ್ಚು 46,000, ಪತ್ನಿಯ ಸಂಬಳ 16,000, ಉಳಿತಾಯ 4.5 ಲಕ್ಷ. ಆಸ್ಪತ್ರೆ ಖರ್ಚಿಗೆಂದು 1.5 ಲಕ್ಷ ಮುಟ್ಟಬಾರದೆಂದು ಇಟ್ಟರೆ ಉಳಿಯುವುದು 3 ಲಕ್ಷ. ಬ್ಲಾಗ್ ಮುಚ್ಚಿದರೆ ತಿಂಗಳಿಗೆ 30,000 ಕೊರತೆ, ಅಂದರೆ 10 ತಿಂಗಳು. ಮುಚ್ಚದೆ, ಗಳಿಕೆ ಅರ್ಧಕ್ಕಿಳಿದರೂ ಕೊರತೆ 18,000. 16 ತಿಂಗಳು ಸಿಗುತ್ತದೆ. ಹಾಗಾಗಿ ಮುಚ್ಚಬೇಡಿ ಎಂದೆವು.

ವಾರಕ್ಕೆ ಒಂದೂವರೆ ದಿನ ಮಾತ್ರ ಬ್ಲಾಗ್. ಹುಡುಕಾಟದಿಂದ ಯಾವ ಪುಟಕ್ಕೆ ಎಷ್ಟು ಜನ ಬಂದರೆಂದು ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಹಿಂದಿನ 16 ತಿಂಗಳ ಅಂಕಿ ಸಿಗುತ್ತದೆ; ಅದರಲ್ಲಿ ಸತತವಾಗಿ ಓದುಗರನ್ನು ತರುವ ಪುಟಗಳನ್ನಷ್ಟೇ ತಿದ್ದುತ್ತಿರಬೇಕು, ದಿನದ ಸುದ್ದಿ ನಿಲ್ಲಿಸಬೇಕು. ಖಾತೆಯಲ್ಲಿ 100 ಡಾಲರ್ ತುಂಬದ ತಿಂಗಳು ಗೂಗಲ್ ಹಣ ಹಾಕುವುದಿಲ್ಲ, ಮುಂದಿನ ತಿಂಗಳಿಗೆ ಸೇರಿಸುತ್ತದೆ. ಆದ್ದರಿಂದ ಕಂತಿನ ದಿನಾಂಕವನ್ನು ಆ ಹಣಕ್ಕೆ ಕಟ್ಟಿಹಾಕಬಾರದು. ಫೋನಿನಲ್ಲಿ ಗಳಿಕೆ ನೋಡುವುದನ್ನು ನಿಲ್ಲಿಸಿದೆವು. ಶನಿವಾರ ಮಾತ್ರ ಲ್ಯಾಪ್‌ಟಾಪಿನಲ್ಲಿ ನೋಡುವುದು. ಮೊದಲ ವಾರ ಒದ್ದಾಡಿದರು.

ತೊಡಕಿದ್ದದ್ದು ಬೇರೆ ಕಡೆ. "ಆಪ್ ಫ್ರೀ ಕೊಡ್ತೀನಿ, ಒಳಗೆ ಆಡ್ಸ್ ಹಾಕ್ತೀನಿ" ಎಂಬುದು ಅವರ ಯೋಜನೆ. ಹಳೇ ಕಸುಬಿನ ಕಣ್ಣು ಅದು. ಅವರದೇ ಬ್ಲಾಗಿನಲ್ಲಿ ಸಾವಿರ ವೀಕ್ಷಣೆಗೆ ಸುಮಾರು 40 ರೂಪಾಯಿ. 200 ಅಂಗಡಿಯವರು ದಿನಕ್ಕೆ 30 ಸಲ ತೆರೆದರೂ ತಿಂಗಳಿಗೆ 1,80,000 ವೀಕ್ಷಣೆ, 7,200 ರೂಪಾಯಿ. ಅದೇ 200 ಮಂದಿ ತಲಾ 300 ಕೊಟ್ಟರೆ 60,000. ಜೊತೆಗೆ, ಕ್ಯಾನ್ ಮಾರುವವನ ಪರದೆಯಲ್ಲಿ ವಾಟರ್ ಪ್ಯೂರಿಫೈಯರ್ ಜಾಹೀರಾತು ಬಂದರೆ ಏನು ಕಥೆ! ಅವರೂ ನಕ್ಕರು.

ಕೋಡ್ ಮುಟ್ಟುವ ಮೊದಲು 15 ಅಂಗಡಿಗೆ ಹೋಗಿ, ಆಪ್ ಬಗ್ಗೆ ಸೊಲ್ಲೆತ್ತದೆ, ಲೆಕ್ಕದ ಪುಸ್ತಕ ನೋಡಿ ಬನ್ನಿ ಎಂದೆವು. ಆರ್ಡರ್ ತಗೊಳ್ಳುವುದೇ ಕಷ್ಟ ಎಂದುಕೊಂಡಿದ್ದರು. ಪುಸ್ತಕದಲ್ಲಿ ಕಂಡದ್ದೇ ಬೇರೆ: ಮನೆಗೊಂದು ಹಾಳೆ, "ಕೊಟ್ಟದ್ದು", "ಖಾಲಿ ಬಂದದ್ದು" ಎರಡು ಸಾಲು, ಎರಡನೆಯದರ ತುಂಬ ಹೊಡೆದುಹಾಕಿದ ಗೀಟು. ಆರ್ಡರ್ ಫೋನಿನಲ್ಲೇ ಸಲೀಸಾಗಿ ನಡೆಯುತ್ತದೆ. ಕಳೆಯುವುದು ಖಾಲಿ ಕ್ಯಾನು, ತಪ್ಪುವುದು ಸಂಜೆ ಹುಡುಗರು ತರುವ ನಗದಿನ ತಾಳೆ.

ಮುಂದಿನ ಹೆಜ್ಜೆಗೂ ಆಪ್ ಬೇಡ. ಪುಸ್ತಕದ ಫೋಟೊವನ್ನು ವಾಟ್ಸಾಪಿನಲ್ಲಿ ತರಿಸಿ, ಗೂಗಲ್ ಶೀಟ್‌ನಲ್ಲಿ ತಾವೇ ತುಂಬಿ, ಬಾಕಿ ಪಟ್ಟಿ ಕಳಿಸಿ ತಿಂಗಳಿಗೆ 200 ಪಡೆಯುವುದು. ದುಡ್ಡು ಕೊಟ್ಟವರಿಗಾಗಿ ಮಾತ್ರ ಕೋಡ್.

ಕೋಡ್ ಶುರುವಾದಾಗ ಮೂರು ಕಡೆ ಎಡವುತ್ತೀರಿ ಎಂದು ಮೊದಲೇ ಬರೆದುಕೊಟ್ಟೆವು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಹುಡುಗ ಎರಡೆರಡು ಸಲ ಒತ್ತುತ್ತಾನೆ. ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ಸಂಖ್ಯೆ ಹುಟ್ಟಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಬಿಟ್ಟುಬಿಡಬೇಕು. ತಿಂಗಳ ಮಧ್ಯೆ ದರ ಏರಿದರೆ ಹಳೆಯ ನಮೂದು ಹಳೆಯ ದರದಲ್ಲೇ ಉಳಿಯಬೇಕು. ಬ್ಯಾಕಪ್ ದಿನಾ ಆದರೆ ಸಾಲದು, ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು.

ಜಿಎಸ್‌ಟಿ ಚಿಂತೆ ಈಗಲೇ ಬೇಡ. ಸೇವೆಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಆದರೆ ಬ್ಲಾಗು, ಆಪ್ ಎರಡರ ವಹಿವಾಟೂ ಒಂದೇ ಪ್ಯಾನ್‌ನಡಿ ಕೂಡುತ್ತದೆ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಯಾರಿಗೂ ಹಣ ಕೊಡಬೇಡಿ.

ಆರು ತಿಂಗಳಲ್ಲಿ 10 ಅಂಗಡಿ ಹಣ ಕೊಡದಿದ್ದರೆ ಅರೆಕಾಲಿಕ ಕೆಲಸ ಹುಡುಕುವುದೆಂದು ದಂಪತಿ ಒಪ್ಪಿ ದಿನಾಂಕ ಬರೆದಿಟ್ಟಿದ್ದಾರೆ.

ಕೊನೆಯ ಭೇಟಿಗೆ ಐದು ಅಂಗಡಿ ಸೇರಿ ಒಂದು ಬಿಟ್ಟಿತ್ತು. ತಪ್ಪೇನಾಯಿತೆಂದು ಒಂದು ವಾರ ಕೋಡ್ ಕೆದಕಿದ್ದರಂತೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಕ್ಯಾನು ಕಡಿಮೆ ಬೀಳುತ್ತಿದ್ದದ್ದು ಮಾಲೀಕರ ಭಾವಮೈದನ ಸರದಿಯಲ್ಲಿ. ಮಾಲೀಕರಿಗೆ ಅದು ಕಾಗದದ ಮೇಲೆ ಬರುವುದು ಬೇಕಿರಲಿಲ್ಲ.