ಆ ಕಂಚಿನ ಹೆಂಗಸಿನಲ್ಲಿ ಅಮ್ಮ ಕಂಡರೆ ತಪ್ಪಾ?

ಪ್ರಶ್ನೆ: ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಕಂಚಿನ ಶಿಲ್ಪ ಇದೆ. ಒಬ್ಬ ಹೆಂಗಸು ಕೂತಿದ್ದಾಳೆ. ಒಂದು ಕೈ ಮೊಣಕಾಲ ಮೇಲಿದೆ, ಮುಖ ಪಕ್ಕಕ್ಕೆ ತಿರುಗಿದೆ, ಯಾರನ್ನೋ ಕಾಯುವ ಹಾಗೆ. ಅಮ್ಮ ತೀರಿಕೊಂಡ ಮೇಲೆ ಒಂದು ದಿನ ನೋಡಿದಾಗ ಅಮ್ಮನೇ ಕೂತಂತೆ ಅನ್ನಿಸಿತು. ಈಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗುವುದಿಲ್ಲ. ಗೆಳತಿಗೆ ಹೇಳಿದರೆ ಅವಳು ಕೆಳಗಿನ ಫಲಕ ಓದಿ, 'ಇದು ನದಿಯ ಶಿಲ್ಪ ಕಣೇ, ನಿಮ್ಮಮ್ಮ ಎಲ್ಲಿಂದ ಬಂದರು?' ಅಂದಳು. ನಾನು ಸುಮ್ನೆ ಏನೇನೋ ಕಲ್ಪಿಸಿಕೊಳ್ಳುತ್ತಿದ್ದೇನಾ?

ಉತ್ತರ: ಇಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ತಿರುಗಿದ ಮುಖ, ಮೊಣಕಾಲ ಮೇಲಿನ ಕೈ, ಕಾಯುವ ಭಂಗಿ, ಇವೆಲ್ಲ ಆ ಕಂಚಿನಲ್ಲೇ ಇವೆ, ನೀವು ತಂದು ಸೇರಿಸಿದ್ದಲ್ಲ. ನಿಮ್ಮ ಅಮ್ಮ ಹಾಗೆ ಕೂರುತ್ತಿದ್ದರು ಅನ್ನುವುದು ಮಾತ್ರ ನಿಮ್ಮದು. ಫಲಕ ಬರೆದವರಿಗೆ ಅದು ಗೊತ್ತಿರಲು ಸಾಧ್ಯವೇ ಇರಲಿಲ್ಲ, ಅಲ್ವಾ?

ಶಿಲ್ಪಿಯ ಮನಸ್ಸಿನಲ್ಲಿ ಇದ್ದದ್ದೂ ನೋಡುವವರಿಗೆ ಕಾಣುವುದೂ ಬೇರೆಯಾಗುವುದು ಹೊಸದೇನಲ್ಲ. ಶಿಲ್ಪಿ ಲೂಯಿಸ್ ಬೂರ್ಜ್ವಾ 1999ರಲ್ಲಿ 'ಮಮಾಂ' (ಫ್ರೆಂಚಿನಲ್ಲಿ 'ಅಮ್ಮ') ಅಂತ ಒಂದು ಜೇಡದ ಶಿಲ್ಪ ಮಾಡಿದರು. ಒಂಬತ್ತು ಮೀಟರಿಗಿಂತ ಎತ್ತರ, ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು. ಅದರ ಕಾಲುಗಳ ಕೆಳಗೆ ನಿಂತು ಹೆದರುವವರು ಎಷ್ಟೋ ಜನ. ಬೂರ್ಜ್ವಾಗೆ ಮಾತ್ರ ಅದು ತನ್ನ ಅಮ್ಮ. ಆ ಅಮ್ಮ ಹಳೆಯ ನೇಯ್ಗೆಯ ಚಿತ್ರಪಟಗಳನ್ನು ಸರಿಮಾಡುವ ಕೆಲಸ ಮಾಡುತ್ತಿದ್ದರು, ಹರಿದದ್ದನ್ನು ತಾಳ್ಮೆಯಿಂದ ಮತ್ತೆ ಹೆಣೆಯುವುದು, ಜೇಡದ ಹಾಗೆ. ಇದು ಗೊತ್ತಾದ ಮೇಲೆ ಹೆದರಿದವರ ಹೆದರಿಕೆ ಸುಳ್ಳಾಗುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಭಾವ ಬಂದು ಕೂರುತ್ತದೆ, ಅಷ್ಟೇ.

ಕೆಲವು ಶಿಲ್ಪಿಗಳಂತೂ ನೋಡುವವರಿಗೆ ಬೇಕೆಂದೇ ಜಾಗ ಬಿಡುತ್ತಾರೆ. ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕವನ್ನೇ ನೋಡಿ. 1982ರಲ್ಲಿ ಮುಗಿದದ್ದು, ವಿನ್ಯಾಸ ಆರಿಸಿದಾಗ ಅದನ್ನು ರೂಪಿಸಿದ ಮಾಯಾ ಲಿನ್ ಇನ್ನೂ 21 ವರ್ಷದ ವಿದ್ಯಾರ್ಥಿನಿ. ನುಣುಪಾಗಿ ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ಗೋಡೆ, ಅದರ ಮೇಲೆ ಸತ್ತವರ ಮತ್ತು ಕಾಣೆಯಾದವರ 58,000ಕ್ಕೂ ಹೆಚ್ಚು ಹೆಸರುಗಳು. ಹೆಸರು ಹುಡುಕಲು ಬಂದವರಿಗೆ ಆ ಹೆಸರಿನ ಹಿಂದೆ ತಮ್ಮದೇ ಮುಖ ಕಾಣುತ್ತದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಹೆಸರನ್ನು ಮನೆಗೆ ಒಯ್ಯುತ್ತಾರೆ. ಗೋಡೆ ಎಲ್ಲರದು, ಆ ಒಂದು ಹೆಸರು ಅವರದು.

ಆದರೂ ಫಲಕ ಓದುವುದನ್ನು ಬಿಡಬೇಡಿ. ಗೆಳತಿಯ ಮೇಲೆ ಬೇಜಾರಾಗಿ ನದಿಯನ್ನು ದೂರ ಇಟ್ಟರೆ ನಿಮಗೇ ನಷ್ಟ. ಫ್ರೆಂಚ್ ಶಿಲ್ಪಿ ರೋಡಿನ್ ಮಾಡಿದ 'ಕ್ಯಾಲೆಯ ನಾಗರಿಕರು' ಶಿಲ್ಪದ ಆರು ಜನ, 1347ರಲ್ಲಿ ಫ್ರಾನ್ಸಿನ ಕ್ಯಾಲೆ ಊರನ್ನು ಉಳಿಸಲು ಕೊರಳಿಗೆ ಹಗ್ಗ ಹಾಕಿಕೊಂಡು ಶತ್ರು ರಾಜನ ಮುಂದೆ ಹೋದವರು ಅಂತ ತಿಳಿದು ನೋಡಿದರೆ ಅವರ ದೊಡ್ಡ ಕೈಗಳು, ಬಾಗಿದ ತಲೆಗಳು ಇನ್ನೂ ಹತ್ತಿರವಾಗುತ್ತವೆ. ರೋಡಿನ್ ಅವರನ್ನು ವೀರರ ಹಾಗೆ ನಿಲ್ಲಿಸಲಿಲ್ಲ, ಸಾವಿನ ಭಯದಲ್ಲಿರುವ ಮನುಷ್ಯರ ಹಾಗೆ ನಿಲ್ಲಿಸಿದರು. ಜನರ ನಡುವೆ ನೆಲದ ಮಟ್ಟದಲ್ಲೇ ಇಡಬೇಕು ಅಂತಲೂ ಅವರಿಗೆ ಆಸೆ ಇತ್ತು. ಆದರೆ 1895ರಲ್ಲಿ ಶಿಲ್ಪವನ್ನು ಎತ್ತರದ ಪೀಠದ ಮೇಲೆ ಇಟ್ಟರು. ಅದು ಕೆಳಗೆ ಇಳಿದದ್ದು ರೋಡಿನ್ ತೀರಿಕೊಂಡ ಮೇಲೆ.

ನಿಮಗೊಂದು ಮಾತು. ಮುಂದಿನ ಸಲ ಹೋದಾಗ ಆ ಹೆಂಗಸಿನ ಬೆನ್ನ ಕಡೆಯಿಂದಲೂ ನೋಡಿ, ಅಲ್ಲಿ ಅಮ್ಮ ಕಾಣದೆಯೂ ಇರಬಹುದು, ಅದೂ ಪರವಾಗಿಲ್ಲ. ಕೈ, ಮೊಣಕಾಲು ಎಲ್ಲಾದರೂ ಬಣ್ಣ ಸವೆದು ಹೊಳೆಯುತ್ತಿದೆಯಾ ಗಮನಿಸಿ. ಕಂಚಿನ ಮೇಲಿನ ಕಂದು ಅಥವಾ ಹಸಿರು ಪದರ ಜನ ಮುಟ್ಟಿ ಮುಟ್ಟಿ ಸವೆಯುತ್ತದೆ. ಹೊಳಪಿದ್ದರೆ ನಿಮ್ಮ ಹಾಗೆ ಅಲ್ಲಿ ನಿಲ್ಲುವವರು ಬೇರೆಯವರೂ ಇದ್ದಾರೆ. ಅವರಿಗೆ ಕಾಣುವುದು ಯಾರು ಅಂತ ನಮಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಬರೀ ಉಕ್ಕಿನ ಹಾಳೆ ನಿಲ್ಲಿಸಿದಂತಿರುವ ಶಿಲ್ಪಗಳ ಮುಂದೆ ನನಗೆ ಏನೂ ಅನ್ನಿಸುವುದಿಲ್ಲ. ನನ್ನಲ್ಲೇ ಏನೋ ಕೊರತೆಯಾ?

ಉತ್ತರ: ಖಂಡಿತ ಇಲ್ಲ. ನ್ಯೂಯಾರ್ಕಿನ ಒಂದು ಚೌಕದಲ್ಲಿ 1981ರಲ್ಲಿ ಶಿಲ್ಪಿ ರಿಚರ್ಡ್ ಸೆರಾ ನಿಲ್ಲಿಸಿದ 36 ಮೀಟರ್ ಉದ್ದದ ಉಕ್ಕಿನ ಗೋಡೆಯನ್ನು, ಅಲ್ಲಿ ಕೆಲಸ ಮಾಡುವ ಅನೇಕರ ವಿರೋಧದ ನಂತರ 1989ರಲ್ಲಿ ತೆಗೆದೇ ಬಿಟ್ಟರು. ಇಂಥ ಶಿಲ್ಪದ ಮುಂದೆ ಅರ್ಥ ಹುಡುಕಲು ಹೋಗಬೇಡಿ. ಅದರ ಪಕ್ಕದಲ್ಲೇ ನಡೆದು ಹೋಗಿ. ಅದು ನಿಮ್ಮ ಮೇಲೆ ವಾಲುತ್ತದೆಯಾ, ದಾರಿ ತಡೆಯುತ್ತದೆಯಾ, ನಿಮ್ಮ ಹೆಜ್ಜೆ ನಿಧಾನವಾಗುತ್ತದೆಯಾ ನೋಡಿ. ಆಗಲೂ ಏನೂ ಅನ್ನಿಸದಿದ್ದರೆ ಬೇರೆ ಶಿಲ್ಪದ ಹತ್ತಿರ ಹೋಗಿ.